ಬೇಕರಿಯತ್ತೆಯ ಇಲಿಬಿಲ

ಬೇಕರಿಯನ್ನು ಕೆಲಸದವರ ಕೈಗೆ ಒಪ್ಪಿಸಿ ಮನೆಗೆ ಬಂದ ದಿನವೇ ಅತ್ತೆ ತನ್ನ ಅಣ್ಣನ ಮಕ್ಕಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

"ನನಗೊಂದು ಮನೆ ಬೇಕು," ಎಂದಳು. "ಬೇಸಿಗೇಲಿ ಮಧ್ಯಾಹ್ನದ ಹೊತ್ತು ಅದರೊಳಗೆ ಕೂತರೆ ನನಗೆ ಚಳಿ ಆಗ್ಬೇಕು. ಶಾಲು ಹೊದ್ಕೊಬೇಕು. ಅಷ್ಟೇ ನನ್ನಾಸೆ."

ಊರಿಗೆಲ್ಲ ಅವಳು ಬೇಕರಿಯತ್ತೆ. ಪ್ರಾಯದಲ್ಲಿ ಒಲೆಯ ಬಾಯಿಗೆ ಮುಖ ಕೊಟ್ಟು ನಿಂತವಳು ಕೂದಲು ಬೆಳ್ಳಗಾಗುವವರೆಗೂ ಅಲ್ಲಿಂದ ಕದಲಿರಲಿಲ್ಲ. ಹೊರಗೆ ಕಾಲಿಟ್ಟರೆ ಮರಳುಗಾಡಿನ ಬಿಸಿಲು, ಒಳಗೆ ಬಂದರೆ ಒಲೆಯ ಝಳ. ನಡುವೆ ಉಸಿರಾಡಲು ಜಾಗ ಅಂತ ಇದ್ದದ್ದು ಹೊಸ್ತಿಲು ಒಂದೇ. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋಗುತ್ತಿದ್ದರಿಂದ ಮಕ್ಕಳಿಬ್ಬರೂ ಶಾಲೆ ಬಿಟ್ಟೊಡನೆ ಅದೇ ಹೊಸ್ತಿಲ ಮೇಲೆ ಕೂತು ಬನ್ನು ತಿನ್ನುತ್ತಾ ಬೆಳೆದಿದ್ದರು. ದೊಡ್ಡವನು ಈಗ ಪೇಟೆಯಲ್ಲಿ ಎಸಿ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಜನ ಅವನನ್ನು ತಂಪಣ್ಣ ಎಂದು ಕರೆಯುತ್ತಿದ್ದರು. ಚಿಕ್ಕವಳು ಮನೆ ಕಟ್ಟುವ ವಿದ್ಯೆ ಓದಿ ದೂರದ ನಗರದ ದೊಡ್ಡ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ಯಾವಾಗ ನೋಡಿದರೂ ಗೆರೆ ಎಳೆಯುತ್ತಾ ಕೂತಿರುತ್ತಿದ್ದುದರಿಂದ ಮನೆಯಲ್ಲಿ ಅವಳ ಹೆಸರು ನಕ್ಷೆ.

ಅತ್ತೆಯ ಮಾತು ಮುಗಿಯುವ ಮುಂಚೆಯೇ ತಂಪಣ್ಣ ತೊಡೆ ತಟ್ಟಿದ. "ಚಳಿ ತಾನೆ? ಅದಕ್ಕೆ ಇಷ್ಟೊಂದು ಪೀಠಿಕೆ ಯಾಕೆ? ಕೋಣೆಗೊಂದು ಎಸಿ ಜಡೀತೀನಿ. ಶಾಲು ಸಾಲಲ್ಲ, ರಜಾಯಿ ಬೇಕಾಗುತ್ತೆ ನಿಂಗೆ."

"ಎಸಿ ಬೇಡ ಕಣೋ."

"ಅಯ್ಯೋ, ಯಾಕತ್ತೆ?"

"ಹಿಟ್ಟು ಕಲಸೋ ಮಷೀನು ಗರ್ರ್ ಅಂತು, ಒಲೆ ಫ್ಯಾನು ಭರ್ರ್ ಅಂತು. ಜೀವಮಾನವಿಡೀ ಕೇಳಿ ಕೇಳಿ ಕಿವಿ ಜಡ್ಡು ಹಿಡಿದುಹೋಗಿದೆ. ನಂಗೆ ಸದ್ದಿಲ್ಲದ ತಂಪು ಬೇಕು."

"ಸದ್ದಿಲ್ಲದ ತಂಪು ಬಾವಿಯೊಳಗೆ ಮಾತ್ರ ಸಿಗೋದು."

"ಹಾಗಾದ್ರೆ ಬಾವಿ ಥರದ್ದೇ ಮನೆ ಕಟ್ಟಲಿ ಇವಳು," ಎಂದು ಅತ್ತೆ ನಕ್ಷೆಯ ಕಡೆ ಕೈ ತೋರಿಸಿದಳು.

ನಕ್ಷೆ ಎರಡೂ ಕೈ ಅಡ್ಡ ಆಡಿಸಿದಳು. ಕಚೇರಿಯಲ್ಲಿ ಅವಳ ಕೆಲಸ ಎತ್ತರದ ಗಾಜಿನ ಕಟ್ಟಡಗಳಲ್ಲಿ ಗಾಜು ಮತ್ತು ಚೌಕಟ್ಟು ಸೇರುವ ಅಂಚುಗಳನ್ನು ಬರೆಯುವುದು. ಅಂಚು ಬಿಟ್ಟು ಒಳಗಿನದೇನನ್ನೂ ಅವಳ ಕೈಗೆ ಕೊಟ್ಟಿರಲಿಲ್ಲ. "ಅತ್ತೆ, ನಾನಿನ್ನೂ ಒಂದು ಕೋಳಿಗೂಡನ್ನೂ ಕಟ್ಟಿಲ್ಲ."

"ನಾನು ಸುಟ್ಟ ಮೊದಲನೇ ಬನ್ನು ಇದ್ದಿಲಾಗಿತ್ತು. ತಿಂದವರೆಲ್ಲ ಇನ್ನೂ ಬದುಕಿದ್ದಾರೆ. ರಜೆ ಹಾಕಿ ಬಾ."

ಅತ್ತೆಯ ನಿವೇಶನ ಇದ್ದದ್ದು ಊರಿನ ಕೊನೆಯ ಬೀದಿಯಲ್ಲಿ. ಬೀದಿಯ ಎರಡೂ ಬದಿಗೆ ಸಿಮೆಂಟಿನ ಪೆಟ್ಟಿಗೆಗಳಂಥ ಮನೆಗಳು. ಚಪ್ಪಟೆ ತಾರಸಿ, ತೆಳು ಗೋಡೆ, ಪಶ್ಚಿಮಕ್ಕೆ ಬಾಯಿ ತೆರೆದ ಕಿಟಕಿ. ಬೀದಿ ಮುಗಿದ ಕಡೆ ಮರಳು ಶುರುವಾಗುತ್ತಿತ್ತು. ನಕ್ಷೆ ಉದ್ದ ರಜೆ ಹಾಕಿ ಬಂದಳು. ಬಂದವಳು ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಒಂದು ದೊಡ್ಡ ಕೊಡೆ, ಒಂದು ಉಷ್ಣಮಾಪಕ, ಒಂದು ನೀರಿನ ಬಾಟಲಿ ಹಿಡಿದುಕೊಂಡು ಖಾಲಿ ನಿವೇಶನದಲ್ಲಿ ಹೋಗಿ ಕೂತಳು.

ಎದುರು ಮನೆಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಇದ್ದರು. ಹಗಲೆಲ್ಲ ಜಗಲಿಯಲ್ಲಿ ಒದ್ದೆ ಟವಲು ತಲೆಗೆ ಸುತ್ತಿಕೊಂಡು ಕೂತು ಬೀದಿಯ ಆಗುಹೋಗು ನೋಡಿಕೊಳ್ಳುವುದು ಅವರ ಕೆಲಸ. "ಏನಮ್ಮಾ, ಯಾರಿಗೆ ಕಾಯ್ತಾ ಇದ್ದೀಯಾ?" ಎಂದು ಕೂಗಿದರು. "ಬಸ್ಸು ಇಲ್ಲೀವರೆಗೆ ಬರಲ್ಲ!"

"ಇಲ್ಲಿ ಫ್ಯಾನಿಲ್ಲದೆ ಯಾರ್ಯಾರು ಬದುಕಿದ್ದಾರೆ ಅಂತ ನೋಡ್ತಿದ್ದೀನಿ ಮೇಷ್ಟ್ರೇ!"

"ಯಾರೂ ಬದುಕಿಲ್ಲ. ನಾವೂ ಬದುಕಿಲ್ಲ. ಏನೋ ಉಸಿರಾಡ್ತಿದ್ದೀವಿ ಅಷ್ಟೇ!"

ಆದರೆ ಬದುಕಿದ್ದವರು ಇದ್ದರು. ನಿವೇಶನದ ಅಂಚಿನಲ್ಲಿ ಆಳೆತ್ತರದ ಕಳ್ಳಿಯೊಂದು ಕಂಬದಂತೆ ನಿಂತಿತ್ತು. ಅದರ ಮೈತುಂಬಾ ಮೇಲಿಂದ ಕೆಳಗಿನವರೆಗೆ ಪಕ್ಕೆಲುಬಿನಂಥ ಏಣುಗಳು. ನಕ್ಷೆ ಮುಳ್ಳು ತಪ್ಪಿಸಿ ಬೆರಳು ಇಟ್ಟು ನೋಡಿದಳು. ಬಿಸಿಲಿಗೆ ಚಾಚಿದ ಏಣು ಸುಡುತ್ತಿತ್ತು, ಪಕ್ಕದ ತಗ್ಗು ತಣ್ಣಗಿತ್ತು. ಒಂದು ಏಣಿನ ನೆರಳು ಪಕ್ಕದ ತಗ್ಗಿನ ಮೇಲೆ ಬೀಳುತ್ತಿತ್ತು. ಹೊತ್ತು ಜರುಗಿದಂತೆ ನೆರಳೂ ಜರುಗುತ್ತಿತ್ತೇ ಹೊರತು ಇಡೀ ಮೈ ಒಟ್ಟಿಗೆ ಬಿಸಿಲಿಗೆ ಸಿಕ್ಕುತ್ತಲೇ ಇರಲಿಲ್ಲ. ಗಿಡ ತನ್ನ ಮೈಗೆ ತಾನೇ ಚಪ್ಪರ ಹಾಕಿಕೊಂಡಿತ್ತು.

ಎರಡನೆಯವರು ಕಳ್ಳಿಯಾಚೆಯ ಬಯಲಿನ ಮರಳಿಲಿಗಳು. ಅವುಗಳ ಬಿಲಕ್ಕೆ ಎರಡು ಬಾಯಿ. ಒಂದು ನೆಲಮಟ್ಟದಲ್ಲಿ, ಪೊದೆಯ ನೆರಳಿನಲ್ಲಿ. ಇನ್ನೊಂದು ಸ್ವಲ್ಪ ದೂರದಲ್ಲಿ, ಮಣ್ಣು ಒಟ್ಟಿ ಎತ್ತರಿಸಿದ ದಿಬ್ಬದ ನೆತ್ತಿಯಲ್ಲಿ. ಊಟದ ಡಬ್ಬಿ ತಂದ ಅತ್ತೆಗೆ ನಕ್ಷೆ ಅದನ್ನು ತೋರಿಸಿದಳು.

"ಎರಡು ಬಾಗಿಲು ಯಾಕೆ ಇದಕ್ಕೆ? ಹಾವು ಬಂದ್ರೆ ಓಡಿಹೋಗೋಕಾ?" ಎಂದಳು ಅತ್ತೆ.

"ಅದೂ ಇರಬಹುದು. ಆದ್ರೆ ಒಂದನ್ನ ಎತ್ತರ ಮಾಡಿದ್ದು ಯಾಕೆ?"

ಅತ್ತೆ ಮಂಡಿಯೂರಿದಳು. ಬೇಕರಿ ಬಿಟ್ಟಿದ್ದರೂ ಅವಳ ಏಪ್ರನ್ನಿನ ಜೇಬಿನಲ್ಲಿ ಒಂದು ಹಿಡಿ ಹಿಟ್ಟು ಇದ್ದೇ ಇರುತ್ತಿತ್ತು. ಒಂದು ಚಿಟಿಕೆ ತೆಗೆದು ಕೆಳಗಿನ ಬಾಯಿಯ ಮುಂದೆ ಉದುರಿಸಿದಳು. ಬಿಳಿ ಹುಡಿ ಕ್ಷಣ ತೇಲಿ, ಯಾರೋ ಒಳಗಿನಿಂದ ಉಸಿರು ಎಳೆದುಕೊಂಡ ಹಾಗೆ ಬಿಲದೊಳಗೆ ನುಗ್ಗಿ ಮಾಯವಾಯಿತು.

"ಎಳ್ಕೊಳ್ತು ಕಣೇ!" ಅತ್ತೆ ಕಿರುಚಿದಳು. "ಎಳ್ಕೊಳ್ತು!"

ಮೇಲೆ ಗಾಳಿ ಜೋರು, ಕೆಳಗೆ ನಿಧಾನ. ದಿಬ್ಬದ ನೆತ್ತಿಯ ಮೇಲೆ ಹಾದುಹೋಗುವ ಗಾಳಿ ಬಿಲದೊಳಗಿನ ಗಾಳಿಯನ್ನು ಹೀರಿ ಹೊರಗೆ ಹಾಕುತ್ತಿತ್ತು. ಹೋದಷ್ಟೂ ಹೊಸ ಗಾಳಿ ನೆರಳಿನ ಬಾಯಿಂದ ಒಳಗೆ ಬಂದು, ತಣ್ಣನೆಯ ಮಣ್ಣಿಗೆ ಮೈ ಉಜ್ಜಿಕೊಂಡು ಸಾಗುತ್ತಿತ್ತು. ಎದುರಿನ ಜಗಲಿಯಿಂದ ಮೇಷ್ಟ್ರು ನೋಡಿದಾಗ ಕಂಡದ್ದು ಇಷ್ಟು: ಇಬ್ಬರು ಹೆಂಗಸರು ಸುಡುಬಿಸಿಲಿನಲ್ಲಿ ನೆಲಕ್ಕೆ ಬಗ್ಗಿ ಇಲಿಬಿಲಕ್ಕೆ ಹಿಟ್ಟು ಹಾಕಿ ಕುಣಿಯುತ್ತಿದ್ದಾರೆ. ಅವರು ಟವಲನ್ನು ಇನ್ನೊಮ್ಮೆ ನೀರಿಗೆ ಅದ್ದಿಕೊಂಡರು.

ಅಲ್ಲಿಂದಾಚೆಗೆ ನಕ್ಷೆಯ ಕೈ ಓಡಿತು. ದಪ್ಪ ಮಣ್ಣಿನ ಗೋಡೆಗಳು. ಅವುಗಳ ಹೊರಮೈಗೆ ಕಳ್ಳಿಯ ಥರವೇ ಏಣು, ತಗ್ಗು. ಉತ್ತರದ ನೆರಳಿನಲ್ಲಿ ನೆಲಮಟ್ಟಕ್ಕೆ ಒಂದು ಬಾಯಿ, ಅಲ್ಲಿಂದ ನೆಲದಡಿ ಆಳದಲ್ಲಿ ಸಾಗುವ ಸುರಂಗ, ಅದು ಬಂದು ತೆರೆದುಕೊಳ್ಳುವುದು ನಡುಮನೆಯ ಮೂಲೆಯ ಜಾಲರಿಯಲ್ಲಿ. ಮನೆಯ ಇನ್ನೊಂದು ತುದಿಗೆ, ಅತ್ತೆಯ ಮಲಗುವ ಕೋಣೆಯ ಮೇಲೆ, ಎತ್ತರದ ಗಾಳಿಗೋಪುರ. ಕಿಟಕಿಗಳು ಕಿರಿದು, ಗೋಡೆಯ ಆಳದಲ್ಲಿ ಹುದುಗಿದವು.

ಗಾರೆ ಮೇಸ್ತ್ರಿ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಮ್ಮಾ, ಗೋಡೆ ನೆಟ್ಟಗೆ ಕಟ್ಟೋದು ಕಲಿಯೋಕೆ ನಮ್ಮಪ್ಪನ ಕೈಲಿ ಎಷ್ಟು ಏಟು ತಿಂದಿದ್ದೀನಿ ಗೊತ್ತಾ? ಈಗ ನೀವು ಸೊಟ್ಟಗೆ ಕಟ್ಟು ಅಂತೀರಿ."

"ಸೊಟ್ಟ ಅಲ್ಲ ಮೇಸ್ತ್ರಿ, ಅಲೆ ಅಲೆ."

"ಎರಡೂ ಒಂದೇ ಅಮ್ಮ. ನಮ್ಮಪ್ಪ ಇದ್ದಿದ್ರೆ ಎರಡಕ್ಕೂ ಹೊಡೀತಿದ್ದ."

ಗೋಡೆ ಏಳುತ್ತಿದ್ದ ಹಾಗೆ ಬೀದಿಗೆ ಬಿಟ್ಟಿ ಮನರಂಜನೆ ಸಿಕ್ಕಿತು. ಬಡಕಲು ಎಮ್ಮೆಯ ಪಕ್ಕೆ ಎಂದರು ಕೆಲವರು. ಸುರಂಗ ಅಗೆದ ದಿನ ಡ್ರಿಲ್ ಮೇಷ್ಟ್ರು "ಇಲಿಬಿಲ" ಎಂದು ನಾಮಕರಣ ಮಾಡಿಯೇ ಬಿಟ್ಟರು. ಆ ಹೆಸರೇ ನಿಂತಿತು. ಅಂಚೆಯವನೂ "ಇಲಿಬಿಲದವರಿಗೆ ಕಾಗದ" ಎಂದು ಕೂಗುವಂತಾಯಿತು. ಅತ್ತೆಗೆ ಅದರಿಂದ ಬೇಸರವೇನೂ ಆಗಲಿಲ್ಲ. ತಂಪಣ್ಣ ಗೃಹಪ್ರವೇಶಕ್ಕೆ ಬಂದಾಗ ಉಡುಗೊರೆ ಎಂದು ಹೊಚ್ಚ ಹೊಸ ಎಸಿಯನ್ನೇ ಹೊತ್ತು ತಂದ. "ಇರಲಿ ಅತ್ತೆ. ಡಬ್ಬ ಬಿಚ್ಚಬೇಡ. ಬೇಕಾದಾಗ ಒಂದು ಫೋನು ಹೊಡಿ." ಅತ್ತೆ ಡಬ್ಬದ ಮೇಲೆ ಬಟ್ಟೆ ಹಾಸಿ ಅದನ್ನೇ ಕೂರುವ ಮಣೆ ಮಾಡಿಕೊಂಡಳು.

ಇಷ್ಟಾದರೂ ನಕ್ಷೆ ಒಂದು ಕಡೆ ಎಡವಿದ್ದಳು. ಇಲಿಗಳ ದಿಬ್ಬ ಗಾಳಿಯನ್ನು ಹೊರಗೆ ಹೀರುತ್ತಿತ್ತು. ಅವಳಿಗೆ ಅಷ್ಟು ಸಾಲದೆನಿಸಿತು. ಅಷ್ಟು ಎತ್ತರದಲ್ಲಿ ಅಷ್ಟು ಗಾಳಿ ಬೀಸುವಾಗ ಹೊರಗೆ ಎಳೆಯುವುದಕ್ಕಿಂತ ಹಿಡಿದು ಒಳಗೆ ನೂಕಿದರೆ ಇನ್ನೂ ಒಳ್ಳೆಯದಲ್ಲವೇ? ಗೋಪುರದ ಬಾಯನ್ನು ಗಾಳಿಯ ಎದುರಿಗೇ ತೆರೆದಿಟ್ಟಿದ್ದಳು. ಇಲಿಗಿಂತ ತಾನು ಒಂದು ಹೆಜ್ಜೆ ಮುಂದೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಗೃಹಪ್ರವೇಶದ ಸಡಗರ ಆರುವ ಮುಂಚೆ, ಒಂದು ಮಧ್ಯಾಹ್ನ, ಅತ್ತೆ ಊಟ ಮುಗಿಸಿ ಅಡ್ಡಾಗಿದ್ದಾಗ ಬಯಲ ಕಡೆಯಿಂದ ಧೂಳಿನ ಗಾಳಿ ಎದ್ದಿತು. ಬೀದಿಯವರೆಲ್ಲ ದಡಬಡನೆ ಕಿಟಕಿ ಮುಚ್ಚಿಕೊಂಡರು. ಇಲಿಬಿಲದ ಕಿಟಕಿಗಳೂ ಮುಚ್ಚಿದ್ದವು. ಗೋಪುರಕ್ಕೆ ಮಾತ್ರ ಬಾಗಿಲಿರಲಿಲ್ಲ. ಅಡುಗೆಮನೆಯಲ್ಲಿದ್ದ ನಕ್ಷೆಗೆ ಲಾರಿಯಿಂದ ಮರಳು ಇಳಿಸಿದ ಸದ್ದು ಕೇಳಿಸಿತು. ಓಡಿಹೋಗಿ ನೋಡಿದರೆ, ಗೋಪುರ ಬಾಯ್ತುಂಬ ಹಿಡಿದ ಧೂಳನ್ನೆಲ್ಲ ನೇರ ಅತ್ತೆಯ ಮಂಚದ ಮೇಲೆ ಸುರಿಯುತ್ತಿತ್ತು. ಅತ್ತೆ ಎದ್ದು ಕೂತಾಗ ಒಣಹಿಟ್ಟಿನಲ್ಲಿ ಹೊರಳಿಸಿ ಲಟ್ಟಿಸಲು ಇಟ್ಟ ಉಂಡೆಯ ಹಾಗಿದ್ದಳು.

ಅವಳು ರೆಪ್ಪೆಯ ಮೇಲಿನ ಧೂಳು ಒರೆಸಿಕೊಂಡಳು. ಬಾಯೊಳಗಿನದನ್ನು ಉಗಿದಳು. "ಗಾಳಿ ಕೇಳಿದ್ದೆ ನಾನು. ಮರಳು ಕೇಳಿರಲಿಲ್ಲ."

ನಗುತ್ತಾಳೆಂದುಕೊಂಡಿದ್ದ ನಕ್ಷೆ ಅವಳ ಮುಖ ನೋಡಿ ಬಾಗಿಲಲ್ಲೇ ನಿಂತಳು. ಅತ್ತೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಸಿಟ್ಟಿಗಿಂತ ಹೆಚ್ಚಾಗಿ ದಣಿವು ಬಂದಿತ್ತು. ಜೀವಮಾನವಿಡೀ ಹಿಟ್ಟು ಝಾಡಿಸಿಕೊಂಡು ಬದುಕಿದವಳು ಕೊನೆಗೆ ಹಾಸಿಗೆಯಲ್ಲೂ ಝಾಡಿಸಿಕೊಳ್ಳಬೇಕಾಯಿತಲ್ಲ ಎಂಬ ಭಾವ ಅದು. ಗಾಳಿ ನಿಂತ ಮೇಲೆ ನಕ್ಷೆ ಮನೆಯ ಹಿಂದೆ ಹೋಗಿ ಗೋಡೆಗೆ ಒರಗಿ ಅತ್ತಳು. ಸುದ್ದಿ ತಿಳಿದು ಓಡಿಬಂದ ತಂಪಣ್ಣ ಮೊದಲು ಒಳಗೆ ಹೋಗಿ ಎಸಿ ಡಬ್ಬದ ಮೇಲಿನ ಧೂಳು ಒರೆಸಿ, ಆಮೇಲೆ ತಂಗಿಯನ್ನು ಹುಡುಕಿಕೊಂಡು ಬಂದ.

"ಅಳೋದು ಆಯ್ತಾ, ಇನ್ನೂ ಬಾಕಿ ಇದೆಯಾ?"

"ನೀನು ಖುಷಿಯಾಗಿದ್ದೀಯಾ ಅಂತ ಗೊತ್ತು ನಂಗೆ. ಹೋಗು, ಎಸಿ ಜಡಿ."

"ಖುಷಿ ಆಗಿತ್ತು. ಅತ್ತೆ ಮುಖ ನೋಡಿದ ಮೇಲೆ ಇಳಿದುಹೋಯ್ತು." ಅವನು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತ. "ಅದ್ಸರಿ, ನಿನ್ನ ಇಲಿಗಳು ಏನ್ಮಾಡಿದ್ವು? ಅವುಗಳ ಮನೇಲೂ ಮರಳು ತುಂಬ್ತಾ?"

ನಕ್ಷೆ ಮೂಗು ಒರೆಸಿಕೊಂಡು ಎದ್ದಳು. ಇಬ್ಬರೂ ಬಯಲಿಗೆ ಹೋದರು. ಕಳ್ಳಿಯ ಬುಡದಲ್ಲಿ ಹೊಸ ಮರಳು ರಾಶಿ ಬಿದ್ದಿತ್ತು. ಇಲಿಗಳ ದಿಬ್ಬವೂ ಒಂದು ಮಗ್ಗುಲಲ್ಲಿ ಧೂಳು ಮೆತ್ತಿಕೊಂಡಿತ್ತು. ಆದರೆ ನೆತ್ತಿಯ ತೂತು ತೊಳೆದಿಟ್ಟಷ್ಟು ಸ್ವಚ್ಛ. ಅದರ ತುಟಿ ಗಾಳಿಗೆ ಬೆನ್ನು ಹಾಕಿತ್ತು. ಒಳಗಿನಿಂದ ಗಾಳಿ ಹೊರಬರುತ್ತಲೇ ಇದ್ದುದರಿಂದ ಧೂಳಿಗೆ ಒಳನುಗ್ಗಲು ದಾರಿಯೇ ಸಿಕ್ಕಿರಲಿಲ್ಲ.

"ನಾನು ಬಾಯಿ ತೆಗೆದುಕೊಂಡು ನಿಂತೆ. ಅವು ಬೆನ್ನು ತಿರುಗಿಸಿ ನಿಂತವು," ಎಂದಳು ನಕ್ಷೆ.

"ಬೆನ್ನು ತಿರುಗಿಸು, ಮುಗೀತು."

"ಗಾಳಿ ಒಂದೇ ಕಡೆಯಿಂದ ಬೀಸಲ್ವಲ್ಲ. ಬೆಳಿಗ್ಗೆ ಆ ಕಡೆ, ಸಂಜೆ ಈ ಕಡೆ. ಬೀಸಿದ ಕಡೆಗೆಲ್ಲ ಬೆನ್ನು ಹಾಕೋ ಟೊಪ್ಪಿ ಬೇಕು. ತಾನಾಗೇ ತಿರುಗಬೇಕು." ಅವಳು ಮರಳಿನ ಮೇಲೆಯೇ ಬೆರಳಿನಿಂದ ಗೀಚಿದಳು. ಮೀನಿನ ಬಾಲದಂಥದ್ದೊಂದು ರೆಕ್ಕೆ, ಬಾಗಿದ ತಗಡಿನ ಟೊಪ್ಪಿ, ನಡುವೆ ಒಂದು ಕೀಲು.

ತಂಪಣ್ಣ ತಲೆ ಓರೆ ಮಾಡಿ ನೋಡಿದ. "ಬಾಲ ಚಿಕ್ಕದಾಯ್ತು. ಕೀಲಿಗೆ ಬೇರಿಂಗ್ ಹಾಕ್ಬೇಕು, ಇಲ್ಲಾಂದ್ರೆ ಕಿರ್ರ್ ಅನ್ನುತ್ತೆ. ಅತ್ತೆ ಆ ಸದ್ದಿಗೆ ನಮ್ಮಿಬ್ಬರನ್ನೂ ಒಲೆಗೆ ಹಾಕ್ತಾಳೆ."

ತಗಡು ಬಾಗಿಸುವುದು ಅಂಗಡಿಯ ದಿನನಿತ್ಯದ ಕೆಲಸ. ಹಾಳಾದ ಎಸಿಗಳ ಹೊರಕವಚಗಳನ್ನೇ ಕತ್ತರಿಸಿ ಅಣ್ಣ ಟೊಪ್ಪಿ ಮಾಡಿದ. ತಂಗಿ ಮೂರು ಸಲ ಅಳತೆ ತಿದ್ದಿಸಿದಳು. ಮೂರು ಸಲವೂ ಜಗಳವಾಯಿತು. ಕೊನೆಗೆ ಇಬ್ಬರೂ ಗೋಪುರ ಹತ್ತಿ ಅದನ್ನು ಕೂರಿಸಿದಾಗ, ಅದು ಒಮ್ಮೆ ತೂಗಾಡಿ, ಬಾಲವನ್ನು ಗಾಳಿಗೆ ಕೊಟ್ಟು, ಮುಖ ತಿರುಗಿಸಿ ನಿಂತಿತು. ನಕ್ಷೆ ಕೆಳಗಿನ ಸುರಂಗದ ಬಾಯಿಗೂ ಒಂದು ಗುಂಡಿ ಮಾಡಿಸಿದಳು. ಬಂದ ಧೂಳು ಅಲ್ಲೇ ಬಿದ್ದು ಕೂರಲಿ ಎಂದು. ಅತ್ತೆ ನಡುಮನೆಯ ಜಾಲರಿಯ ಮುಂದೆ ಹಿಟ್ಟು ಹಿಡಿದು ಪರೀಕ್ಷೆ ಮಾಡಿದಳು. ಹಿಟ್ಟು ಅವಳ ಮೂಗಿಗೇ ಹಾರಿತು. ಸೀನಿದಳು. "ಪಾಸು," ಎಂದಳು.

ಆ ಬೇಸಿಗೆ ಬೀದಿಯವರು ಮರೆಯುವ ಹಾಗಿರಲಿಲ್ಲ. ತಾರಸಿಯ ಮೇಲಿಟ್ಟ ನೀರಿನ ತೊಟ್ಟಿಯಿಂದ ಕುದಿನೀರು ಬರುತ್ತಿತ್ತು. ಬಾಗಿಲ ಹಿಡಿ ಮುಟ್ಟಲು ಬಟ್ಟೆ ಬೇಕಾಗುತ್ತಿತ್ತು. ತಂಪಣ್ಣನ ಫೋನು ಎಡೆಬಿಡದೆ ಬಡಿದುಕೊಳ್ಳುತ್ತಿತ್ತು. ಬೀದಿಯಲ್ಲಿ ಎಸಿ ಇದ್ದವರ ಯಂತ್ರಗಳು ಬಿಸಿಗಾಳಿಯನ್ನು ಪಕ್ಕದ ಮನೆಯ ಕಿಟಕಿಗೆ ಉಗುಳಿ ಉಗುಳಿ ಕೆಟ್ಟು ನಿಲ್ಲುತ್ತಿದ್ದವು. ಇಲಿಬಿಲದಲ್ಲಿ ಅತ್ತೆ ಬೆಳಿಗ್ಗೆ ಕಿಟಕಿ ಮುಚ್ಚಿ, ಜಾಲರಿಯ ಮುಂದೆ ಒಂದು ಒದ್ದೆ ಮಣ್ಣಿನ ಹೂಜಿ ಇಟ್ಟು, ಡಬ್ಬದ ಮೇಲೆ ಕೂತು ಕಾಯುತ್ತಿದ್ದಳು. ಅಂಥದೊಂದು ಮಧ್ಯಾಹ್ನ, ರಜೆ ಮುಗಿಸಿ ನಗರಕ್ಕೆ ಮರಳಿದ್ದ ನಕ್ಷೆಗೆ ಫೋನು ಬಂತು.

"ಯಾಕತ್ತೆ, ಏನಾಯ್ತು?"

"ಶಾಲು ಹೊದ್ಕೊಂಡೆ ಕಣೇ," ಎಂದಳು ಅತ್ತೆ.

ಆದರೆ ತಂಪು ಅನ್ನುವುದು ಬಚ್ಚಿಡುವ ವಸ್ತುವಲ್ಲ. ಮೊದಲು ಬಂದವರು ಪಕ್ಕದ ಮನೆಯ ಟೈಲರಮ್ಮ. ಸೂಜಿ ಕೇಳಲು ಬಂದರು. ಟೈಲರಮ್ಮನಿಗೆ ಸೂಜಿಯ ಬರವೇ ಎಂದು ಅತ್ತೆಗೆ ಅನುಮಾನ ಬಂದರೂ ಕೊಟ್ಟಳು. ಮಾರನೆಯ ದಿನ ಅವರು ಹೊಲಿಗೆ ಬಟ್ಟೆಯನ್ನೇ ತಂದರು. ಅದರ ಮಾರನೆಯ ದಿನ ಯಂತ್ರವನ್ನೂ. ಅವರ ಹಿಂದೆ ಮಕ್ಕಳು ಪಾಟಿಚೀಲ ಹಿಡಿದು ಬಂದರು. ಮಕ್ಕಳ ಹಿಂದೆ ಅಜ್ಜಿಯರು. ಕೊನೆಗೊಂದು ದಿನ ಡ್ರಿಲ್ ಮೇಷ್ಟ್ರು ಹೆಂಡತಿಯನ್ನು ಮುಂದಿಟ್ಟುಕೊಂಡು ಬಾಗಿಲಲ್ಲಿ ನಿಂತರು.

"ನೋಡಿ ಬೇಕರಿಯಮ್ಮ, ನಿಮ್ಮ ಕಟ್ಟಡ ಸರಿಯಾಗಿ ಕೂತಿದೆಯೋ ಇಲ್ವೋ ಅಂತ ಒಂದ್ಸಲ ತಪಾಸಣೆ ಮಾಡೋಣ ಅಂತ ಬಂದೆ."

"ತಪಾಸಣೆಗೆ ದಿಂಬು ಯಾಕೆ ತಂದಿದ್ದೀರಿ ಮೇಷ್ಟ್ರೇ?"

"ಅದು... ಗೋಡೆ ತಟ್ಟಿ ನೋಡೋಕೆ."

ಅವರು ಜಾಲರಿಯ ಹತ್ತಿರದ ಜಾಗವನ್ನೇ ಆರಿಸಿಕೊಂಡು ತಪಾಸಣೆಗೆ ಮಲಗಿದರು. ಅವರ ಗೊರಕೆಗೆ ಟೈಲರಮ್ಮನ ಯಂತ್ರದ ತಾಳ ಸೇರಿತು. ಮಕ್ಕಳು ಮಗ್ಗಿ ಒಪ್ಪಿಸಿದರು. ಸದ್ದಿಲ್ಲದ ತಂಪು ಬೇಡಿದವಳ ನಡುಮನೆ ಸಂತೆಯಾಯಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅಷ್ಟು ಜನದ ಮೈಬಿಸಿಗೆ ಮನೆಯೂ ಬೆವರತೊಡಗಿತು. ಉಷ್ಣಮಾಪಕದ ಪಾದರಸ ಮೇಲೇರುವುದನ್ನು ಅತ್ತೆ ಕಣ್ಣಾರೆ ನೋಡಿದಳು.

ಒಂದು ದಿನ ಊಟವಾದೊಡನೆ ಅವಳು ಬಾಗಿಲಿಗೆ ಅಗಳಿ ಹಾಕಿದಳು. ಹೊರಗಿನಿಂದ ತಟ್ಟುವ ಸದ್ದು.

"ಮನೇಲಿ ಯಾರೂ ಇಲ್ಲ!" ಎಂದು ಅತ್ತೆ ಒಳಗಿನಿಂದ ಕೂಗಿದಳು.

"ಹಾಗಂತ ಹೇಳ್ತಿರೋರು ಯಾರು?" ಎಂದರು ಮೇಷ್ಟ್ರು.

"ಇಲಿ!"

ಬೀದಿ ಗೊಳ್ಳೆಂದಿತು. ನಗು ಮುಗಿದ ಮೇಲೆ ಒಬ್ಬೊಬ್ಬರಾಗಿ ಹೆಜ್ಜೆ ಸದ್ದು ದೂರವಾಯಿತು. ಅತ್ತೆ ಕಿಟಕಿಯ ಸಂದಿಯಿಂದ ನೋಡಿದಳು. ಟೈಲರಮ್ಮ ಯಂತ್ರವನ್ನು ತಲೆಯ ಮೇಲೆ ಹೊತ್ತು ಬಿಸಿಲಿನಲ್ಲಿ ದಾಟುತ್ತಿದ್ದರು. ಅವರ ಮಗಳು ಕಾಲು ಸುಟ್ಟುಕೊಳ್ಳದಂತೆ ತುದಿಗಾಲಲ್ಲಿ ಓಡುತ್ತಿದ್ದಳು. ಮೇಷ್ಟ್ರು ಜಗಲಿಯಲ್ಲಿ ಕೂತು ಟವಲು ಹಿಂಡಿದರು. ಅತ್ತೆ ಬಂದು ಶಾಲು ಹೊದ್ದುಕೊಂಡಳು. ಮನೆ ತಣ್ಣಗಿತ್ತು, ಸದ್ದೂ ಇರಲಿಲ್ಲ. ಬೇಕೆಂದು ಕೇಳಿದ್ದು ಅಕ್ಷರಶಃ ಸಿಕ್ಕಿತ್ತು. ಅರ್ಧ ಗಂಟೆ ಕೂಡ ಕೂರಲಾಗಲಿಲ್ಲ. ಶಾಲು ಕಿತ್ತೆಸೆದು ಫೋನು ಎತ್ತಿದಳು.

"ಇಬ್ಬರೂ ಬನ್ನಿ. ಈ ಬೀದಿಯ ಮನೆ ಅಷ್ಟನ್ನೂ ಇಲಿಬಿಲ ಮಾಡ್ಬೇಕು."

ನಕ್ಷೆ ಶನಿವಾರ ಬಂದಳು. "ಅತ್ತೆ, ಕಟ್ಟಿರೋ ಮನೆಗಳನ್ನ ಒಡೆಯೋಕಾಗುತ್ತಾ? ತೆಳು ಸಿಮೆಂಟು ಗೋಡೆ ಅವು. ಕೆಳಗೆ ಸುರಂಗ ಇಲ್ಲ."

"ಕಳ್ಳಿಗೆ ಸುರಂಗ ಇದೆಯಾ?"

"ಇಲ್ಲ."

"ಅದು ಬದುಕಿಲ್ವಾ?"

ನಕ್ಷೆ ಆ ಭಾನುವಾರವೆಲ್ಲ ಬೀದಿಯ ಮನೆ ಮನೆ ಹೊಕ್ಕು ಗೋಡೆ ಮುಟ್ಟಿ ಬಂದಳು. ನೆಲ ಅಗೆಯಲಾಗದು, ನಿಜ. ಆದರೆ ಮೈಗೆ ನೆರಳು ಹಾಕಬಹುದು. ಪಶ್ಚಿಮದ ಗೋಡೆಗೆ ಹೊರಗಿನಿಂದ ಮಣ್ಣು, ಹುಲ್ಲು ಕಲಸಿದ ಏಣುಗಳನ್ನು ಕಟ್ಟಬಹುದು. ತಾರಸಿಗೆ ಸುಣ್ಣ ಬಳಿದು, ಗೇಣು ಮೇಲೆ ಚಾಪೆಯ ಇನ್ನೊಂದು ಮಾಡು ಹಾಕಿದರೆ ನಡುವೆ ಗಾಳಿ ಓಡುತ್ತದೆ. ಉತ್ತರದ ಗೋಡೆಯ ಬುಡದಲ್ಲಿ ಒಂದು ತೂತು, ಮಾಡಿನ ಮೇಲೆ ಅಣ್ಣನ ಟೊಪ್ಪಿ. ಇಲಿಬಿಲದಷ್ಟು ತಂಪಾಗದು. ಆದರೆ ಮನುಷ್ಯರು ಮಲಗಬಹುದು.

"ಯಾರ ಮನೇಲಿ ಶುರು ಮಾಡೋಣ?" ಎಂದ ತಂಪಣ್ಣ.

"ಹೆಚ್ಚು ನಕ್ಕವರ ಮನೇಲಿ," ಎಂದಳು ಅತ್ತೆ.

ಡ್ರಿಲ್ ಮೇಷ್ಟ್ರು ಎದೆ ಸೆಟೆಸಿದರು. "ನನ್ನ ಮನೆಗೆ ಪಕ್ಕೆಲುಬು ಬೇಡ. ನಾನು ನೇರವಾಗಿ ನಿಂತು ಬದುಕಿದವನು. ನನ್ನ ಗೋಡೆಯೂ ನೇರವಾಗೇ ಇರುತ್ತೆ."

ಒಳಗಿನಿಂದ ಅವರ ಹೆಂಡತಿ ಬಂದರು. ಸದ್ದು ಮಾಡದ ಹೆಂಗಸು, ಬೀದಿಯವರು ಅವರ ದನಿ ಕೇಳಿದ್ದೇ ಅಪರೂಪ. "ರೀ, ನೀವು ಜಗಲಿ ಮೇಲೆ ಕೂತಿರ್ತೀರಿ. ಆ ಗೋಡೆಗೆ ಒರಗಿ ಅಡುಗೆ ಮಾಡೋಳು ನಾನು. ನೀವು ನೇರವಾಗೇ ನಿಂತಿರಿ. ಗೋಡೆ ಹೇಗಿರ್ಬೇಕು ಅಂತ ನಾನು ಹೇಳ್ತೀನಿ." ನಕ್ಷೆಯ ಕಡೆ ತಿರುಗಿ, "ದಪ್ಪಗೇ ಕಟ್ಟಮ್ಮ," ಎಂದರು.

ಮೇಷ್ಟ್ರು ಒಂದು ಹೊತ್ತು ಮುನಿಸಿಕೊಂಡು ಕೂತರು. ಆದರೆ ಎದುರಿಗೆ ಜನ ಅಡ್ಡಾದಿಡ್ಡಿ ಕೆಲಸ ಮಾಡುವುದನ್ನು ನೋಡಿಕೊಂಡು ಸುಮ್ಮನಿರುವುದು ಅವರ ಹುಟ್ಟುಗುಣವಲ್ಲ. ಬೀದಿಯ ಗಂಡಸರು, ಹೆಂಗಸರು ಮಣ್ಣಿನ ಬುಟ್ಟಿಗಳನ್ನು ಸಾಗಿಸುವಾಗ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬೀಳುತ್ತಿದ್ದರು. ಮೇಷ್ಟ್ರು ಒಳಗೆ ಹೋಗಿ ಪೆಟ್ಟಿಗೆ ಕೆದಕಿ ಹಳೆಯ ಪೀಪಿ ತಂದರು. ಪೀರ್ರ್ ಎಂದು ಊದಿದರು.

"ಸಾಲು! ಸಾಲಾಗಿ ನಿಲ್ರಯ್ಯ! ಬುಟ್ಟಿ ಬಲಗೈಯಿಂದ ಎಡಗೈಗೆ. ಟೈಲರಮ್ಮ, ನಡುವೆ ಹರಟೆ ಬೇಡ! ಮೇಸ್ತ್ರಿ, ಆ ಏಣು ಸೊಟ್ಟಗಿದೆ!"

"ಅದು ಸೊಟ್ಟಗೇ ಇರ್ಬೇಕು ಮೇಷ್ಟ್ರೇ!" ಎಂದು ಮೇಸ್ತ್ರಿ ಮೇಲಿನಿಂದ ಕೂಗಿದ. "ಅಲೆ ಅಲೆ!"

"ಹಾಗಾದ್ರೆ ಎಲ್ಲಾ ಒಂದೇ ಸಮ ಸೊಟ್ಟಗಿರಲಿ!"

ಬೆಳಗಿನ ತಂಪು ಹೊತ್ತಿನಲ್ಲಿ ಕೆಲಸ, ಬಿಸಿಲೇರಿದರೆ ಇಲಿಬಿಲದಲ್ಲಿ ವಿರಾಮ. ಅತ್ತೆ ಅಗಳಿ ತೆಗೆದಿಟ್ಟಿದ್ದಳು. ಒಂದು ಮನೆ ಮುಗಿದು ಇನ್ನೊಂದಕ್ಕೆ ಹೋದ ಹಾಗೆಲ್ಲ ಮಧ್ಯಾಹ್ನ ಅಲ್ಲಿ ಸೇರುವವರ ಸಂಖ್ಯೆ ಕಡಿಮೆಯಾಗುತ್ತಾ ಬಂತು. ತಂಪಣ್ಣ ಅಂಗಡಿಯಲ್ಲಿ ಟೊಪ್ಪಿ ಬಡಿಯುತ್ತಾ ಬಡಿಯುತ್ತಾ ರಿಪೇರಿಗೆ ಬಂದ ಎಸಿಗಳನ್ನು ಮೂಲೆಗೆ ಒತ್ತರಿಸಿದ. ಕೆಲವರ ಮನೆ ಅವನ ಟೊಪ್ಪಿಯಿಂದಲೇ ಸಾಕಷ್ಟು ತಣಿಯಿತು. ಇನ್ನು ಕೆಲವರು ಎಸಿಯನ್ನು ಉಳಿಸಿಕೊಂಡರು. ಆದರೆ ಅದಕ್ಕೂ ಈಗ ಏದುಸಿರು ಬರುತ್ತಿರಲಿಲ್ಲ.

"ನನ್ನ ಹೊಟ್ಟೆ ಮೇಲೆ ನಾನೇ ಕಲ್ಲು ಹಾಕ್ಕೊಳ್ತಾ ಇದ್ದೀನಿ," ಎಂದು ಅವನು ಗೊಣಗಿದ. ಆದರೆ ಟೊಪ್ಪಿಯ ಬಾಲಗಳಿಗೆ ಮನೆಗೊಂದು ಬಣ್ಣ ಹಚ್ಚುತ್ತಿದ್ದವನೂ ಅವನೇ.

ಮೇಷ್ಟ್ರ ಮನೆಯ ಕೆಲಸ ಪೂರ್ತಿಯಾದ ವಾರ, ಎಂದಿನ ಸುಡುಬಿಸಿಲಿನ ಮಧ್ಯಾಹ್ನ, ನಕ್ಷೆ ಉಷ್ಣಮಾಪಕ ಹಿಡಿದು ಅಲ್ಲಿಗೆ ಹೋದಳು. ಜಗಲಿ ಖಾಲಿಯಿತ್ತು. ಒಳಗೆ ಇಣುಕಿದರೆ ಮೇಷ್ಟ್ರು ಚಾಪೆಯ ಮೇಲೆ ಬಿದ್ದುಕೊಂಡು ನಿದ್ದೆ ಹೋಗಿದ್ದರು, ತಲೆಗೆ ಟವಲಿಲ್ಲ. ಅವರ ಹೆಂಡತಿ ಪಶ್ಚಿಮದ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಆ ಗೋಡೆ ಮೊದಲು ಕೈ ಇಡಲಾಗದ ಹೆಂಚಿನಂತಿತ್ತು. ಅವರು ತುಟಿಯ ಮೇಲೆ ಬೆರಳಿಟ್ಟು ನಕ್ಷೆಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ನಕ್ಷೆಯೂ ಬೆನ್ನು ಒರಗಿಸಿದಳು. ಕಚೇರಿಯಲ್ಲಿ ಅವಳು ಅಂಚು ಬರೆದ ಗಾಜಿನ ಕಟ್ಟಡಗಳು ಎಷ್ಟೋ ಇದ್ದವು. ಅವುಗಳೊಳಗೆ ಯಾರು ಹೇಗೆ ಕೂರುತ್ತಾರೆಂದು ಅವಳು ನೋಡಿರಲೇ ಇಲ್ಲ. ಉಷ್ಣಮಾಪಕವನ್ನು ನೋಡುವುದನ್ನು ಮರೆತು, ಅವರು ಕೊಟ್ಟ ತಣ್ಣೀರು ಕುಡಿದು ಬಂದಳು.

ಮುಂದಿನ ತಿಂಗಳು ಅವಳು ನಗರದ ಕೆಲಸ ಬಿಟ್ಟಳು. ಕಚೇರಿಯ ಯಜಮಾನರು "ಅಲ್ಲಿ ಮರಳಲ್ಲಿ ಏನಿದೆ?" ಎಂದು ಕೇಳಿದಾಗ, "ಇಲಿಗಳಿವೆ ಸರ್," ಎಂದು ಹೇಳಿ ಬಂದಳಂತೆ. ತಂಪಣ್ಣನ ಅಂಗಡಿಯ ಅರ್ಧ ಭಾಗ ತೆರವಾಗಿ ಅಲ್ಲಿ ಅವಳ ಮೇಜು ಬಂತು. ಶಾಲೆಯವರು ತರಗತಿಗಳ ತಾರಸಿ ತೋರಿಸಲು ಕರೆದರು. ಬಸ್ ನಿಲ್ದಾಣದವರು ನೆರಳು ಕೇಳಿದರು. ಕೆಲವು ಕಡೆ ಹೇಳಿದಷ್ಟು ತಂಪಾಗಲಿಲ್ಲ. ಮತ್ತೆ ಹೋಗಿ ತಿದ್ದಬೇಕಾಯಿತು. ಒಬ್ಬರ ಮನೆಯ ಟೊಪ್ಪಿ ಬಿರುಗಾಳಿಗೆ ಹಾರಿಹೋಗಿ ಪಕ್ಕದ ಬೀದಿಯಲ್ಲಿ ಸಿಕ್ಕಿತು. ಅದರ ವಿಷಯಕ್ಕೆ ಅಣ್ಣ ತಂಗಿಯರ ಜಗಳ ಒಂದು ವಾರ ನಡೆಯಿತು.

ಈಗ ಅವರಿಬ್ಬರ ಹೊಸ ಜಗಳ ಅಂಗಡಿಯ ಬೋರ್ಡಿನ ಬಗ್ಗೆ. ಅಣ್ಣನಿಗೆ ತನ್ನ ಹೆಸರು ಮೇಲಿರಬೇಕು, ತಂಗಿಗೆ ತನ್ನದು. ಬೋರ್ಡು ಬರೆಯುವವನು ಏಣಿ ಹತ್ತಿ ಕುಂಚ ಹಿಡಿದು ಕಾದೂ ಕಾದೂ ಬೇಸತ್ತು, ಕೆಳಗಿಳಿದು ಟೀ ಕುಡಿಯಲು ಹೋದ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದವರನ್ನು ಒಳಗೆ ಕರೆಯುತ್ತಿದ್ದಳು. "ಬನ್ನಿ ಬನ್ನಿ. ಅವರಿಬ್ಬರೂ ಹೀಗೇ. ನಿಮ್ಮ ಮನೆ ಪಶ್ಚಿಮದ ಗೋಡೆ ಎಷ್ಟುದ್ದ ಇದೆ, ಅದನ್ನ ಹೇಳಿ."